ಸೊನ್ನೆ ಅಂಕದ ನಗು

ಬಲಗಾಲಿನ ಬೂಟಿನ ಲೇಸು ಕಟ್ಟಲು ಬಗ್ಗಿದ ಮೇಡಂ ಬಗ್ಗಿದಲ್ಲೇ ಉಳಿದರು. ಮೂರು ವರ್ಷದಿಂದ ಹೇಳದೆ ಕೇಳದೆ ಎಡಸೊಂಟದಲ್ಲಿ ಬಿಡಾರ ಹೂಡಿದ್ದ ನೋವು ಇವತ್ತೂ ಸಮಯಕ್ಕೆ ಸರಿಯಾಗಿ ಹಾಜರಿ ಹಾಕಿತ್ತು. ಸೆರೆಬ್ರಲ್ ಪಾಲ್ಸಿಯಿಂದ ಕೈಕಾಲು ಬಿಗಿದ ಮಕ್ಕಳ ನೋವಿನ ಬಗ್ಗೆ ಮೂವತ್ತೊಂದು ಪ್ರಬಂಧ ಬರೆದವರು, ಮಾತು ಬಾರದ ಮಗುವಿಗೆ ಎಷ್ಟು ನೋಯುತ್ತಿದೆ ಎಂದು ಐದು ಸಾಲಿನ ಒಂದು ಪಟ್ಟಿಯಲ್ಲಿ ಅಳೆದು ಹೇಳಬಲ್ಲವರು, ಫಿಜಿಯೋಥೆರಪಿ ಕಾಲೇಜುಗಳಲ್ಲಿ ಫೋಟೋ ಸಮೇತ ಪಾಠವಾದವರು, ತಮ್ಮದೇ ಬೂಟಿಗೆ ತಲೆಬಾಗಿ ನಿಂತಿದ್ದರು. ನೋಡಲು ಗಂಡ ಒಬ್ಬನೇ ಇದ್ದ. ನೋಡಿದ. ನೋಡಿ, ಪೇಪರಿನ ಪುಟ ತಿರುಗಿಸಿದ. "ಸ್ಕ್ಯಾನಲ್ಲಿ ಏನೂ ಇಲ್ಲ ಅಂದ್ರಲ್ಲ," ಎಂದ. ವಿಮೆ ಕಂಪನಿಯಲ್ಲಿ ಮೂವತ್ತು ವರ್ಷ ಜನರ ಅರ್ಜಿಗಳನ್ನು ತಿರಸ್ಕರಿಸಿ ನಿವೃತ್ತನಾದವನು; ಕಾಗದದಲ್ಲಿ ಇಲ್ಲದ್ದು ಲೋಕದಲ್ಲೂ ಇಲ್ಲ ಎಂಬುದು ಅವನ ಏಕೈಕ ತತ್ವಜ್ಞಾನ. "ಏನೂ ಇಲ್ಲ ರೀ, ಲೇಸು ಬಿಗಿಯಾಗಿದೆ," ಎಂದರು ಮೇಡಂ, ನೆಲದ ಕಡೆಗೆ ನಗುತ್ತ. ನೆಲಕ್ಕಾದರೂ ತಮ್ಮ ಮರ್ಯಾದೆ ಗೊತ್ತಿರಲಿ ಎಂದೇನೋ.

ಆ ಸ್ಕ್ಯಾನು ಮಾಡಿಸಿದ್ದು ಅವರ ಹಳೆಯ ಶಿಷ್ಯ. ಈಗ ಅವನದೇ ನೋವಿನ ಚಿಕಿತ್ಸಾಲಯ, ಕಾಯುವ ಕೋಣೆಯಲ್ಲಿ ಮೆತ್ತನೆಯ ಕುರ್ಚಿ, ಕೂತವರು ಏಳಲಾಗದಷ್ಟು ಮೆತ್ತಗೆ. ಅವನು ಗೌರವದಿಂದ ಎರಡು ಕೈಯಲ್ಲೂ ಹಿಡಿದು ಒಂದು ಹಾಳೆ ಕೊಟ್ಟಿದ್ದ. ಸೊನ್ನೆಯಿಂದ ಹತ್ತರವರೆಗೆ ಅಂಕಿಗಳು, ನಿಮ್ಮ ನೋವಿಗೆ ಸುತ್ತು ಹಾಕಿ. ಮೇಡಂ ಪೆನ್ನು ಹಿಡಿದು ಬಹಳ ಹೊತ್ತು ಯೋಚಿಸಿದರು. ಎಂಟು ಎಂದರೆ ಗೋಳಾಡುವ ಹೆಂಗಸು. ಎರಡು ಎಂದರೆ, ಮತ್ತೆ ಯಾಕೆ ಬಂದ್ರಿ? ನಾಲ್ಕು ಓದಿದವರಿಗೆ ಒಪ್ಪುವ ಅಂಕಿ. ಅಕ್ಕಪಕ್ಕದವರಿಗೆ ತೊಂದರೆ ಕೊಡದ, ಮೆಲುದನಿಯ, ಇಸ್ತ್ರಿ ಮಾಡಿದ ನೋವು. ನಾಲ್ಕಕ್ಕೆ ಸುತ್ತು ಹಾಕಿದರು. "ನಾಲ್ಕೇ ಅಲ್ವಾ ಮೇಡಂ," ಎಂದು ಶಿಷ್ಯ ಹಗುರಾದ. "ನೋಡಿ, ನಗ್ತಾನೂ ಇದೀರಿ. ಮನಸ್ಸಿಗೆ ಏನಾದ್ರೂ ಒತ್ತಡ ಇದೆಯಾ?" ಆ ಕೊನೆಯ ಪ್ರಶ್ನೆಯನ್ನು ಯಾವ ಸ್ವರದಲ್ಲಿ, ತಲೆಯನ್ನು ಎಷ್ಟು ವಾರೆ ಮಾಡಿ ಕೇಳಬೇಕೆಂದು ಎರಡನೇ ವರ್ಷದ ತರಗತಿಯಲ್ಲಿ ಅವನಿಗೆ ಕಲಿಸಿದ್ದು ತಾವೇ. ಅವನು ಒಳ್ಳೆಯ ವಿದ್ಯಾರ್ಥಿಯಾಗಿದ್ದ ಎಂಬುದು ಅವತ್ತು ಮನದಟ್ಟಾಯಿತು.

ಕಾರು ಬಂತು. ಇವತ್ತು ಅವರ ಪಟ್ಟಿಯ ಕೈಪಿಡಿಯ ಮೂರನೇ ಮುದ್ರಣದ ಬಿಡುಗಡೆ. ಬರುವ ಸೋಮವಾರದಿಂದ ವಿಶೇಷ ಮಕ್ಕಳ ನಾನೂರು ಶಾಲೆಗಳಿಗೆ ಅದು ಹೋಗುತ್ತದೆ, ಅಲ್ಲಿಯ ಮಕ್ಕಳ ಬಿಗಿದ ಕಾಲನ್ನು ಎಳೆದು ನೇರ ಮಾಡುವಾಗ ಎಲ್ಲರೂ ಅದನ್ನೇ ನೋಡಿ ಅಂಕ ಹಾಕಬೇಕು. ಮುಖ, ದನಿ, ಉಸಿರು, ಮೈ, ಸಮಾಧಾನ ಎಂದು ಐದು ಸಾಲು. ಅತ್ತರೆ ಎರಡು, ಮುಖ ಕಿವುಚಿದರೆ ಒಂದು, ನಕ್ಕರೆ ಸೊನ್ನೆ. ಸೊನ್ನೆ ಎಂದರೆ ನೋವಿಲ್ಲ, ಇನ್ನೂ ಎಳೆಯಬಹುದು. ನಾನೂರು ಶಾಲೆ ಎಂದಾಗ ಮೈ ಜುಮ್ಮೆನ್ನಬೇಕಿತ್ತು. ಅದರ ಬದಲು ಕಾರಿನ ಹಿಂದಿನ ಸೀಟಿನಲ್ಲಿ ಅವರಿಗೆ ಕೆಲವು ಇಮೇಲುಗಳು ನೆನಪಾದವು. ನಾಲ್ಕು ತಿಂಗಳಲ್ಲಿ ನಾಲ್ಕು ಬಂದಿದ್ದವು, ಒಬ್ಬಳಿಂದಲೇ. ಮೊದಲನೆಯದನ್ನು ಕಾಫಿ ಕುಡಿಯುತ್ತ ತೆರೆದಿದ್ದರು. 'ನಿಮ್ಮ ವಿಡಿಯೋದಲ್ಲಿ ನಗುತ್ತಿರುವ ಮಗು ನಾನು. ಅವತ್ತಿನ ಬಗ್ಗೆ ನಿಮಗೊಂದು ವಿಷಯ ಹೇಳಬೇಕು.' ಅಷ್ಟು ಓದಿ, ಅದನ್ನು ಓದಿಯೇ ಇಲ್ಲವೆಂಬಂತೆ ಗುರುತು ಹಾಕಿ ಮುಚ್ಚಿಬಿಟ್ಟರು. ಯಂತ್ರ ಮಾಡಿದವರು ಎಷ್ಟು ಕರುಣಾಳುಗಳು. ಓದಿದ್ದನ್ನು ಓದದಂತೆ ಮಾಡುವ ಗುಂಡಿಯೊಂದನ್ನು ಇಟ್ಟಿದ್ದಾರೆ. ಉಳಿದ ಮೂರನ್ನು ತೆರೆಯಲೇ ಇಲ್ಲ, ಹಾಗಾಗಿ ಅವುಗಳ ವಿಷಯದಲ್ಲಿ ಅವರ ಆತ್ಮಸಾಕ್ಷಿ ಶುಭ್ರವಾಗಿತ್ತು.

ನಗುಪುಟ್ಟಿ. ಆ ವಿಡಿಯೋದ ಮಗುವಿಗೆ ಥೆರಪಿ ಕೇಂದ್ರದ ಆಯಾ ಇಟ್ಟ ಹೆಸರು ಅದು. ಪ್ರಬಂಧದಲ್ಲಿ ಅವಳು ಏಳನೇ ನಂಬರು. ಅಧ್ಯಯನಕ್ಕೆ ಆಯ್ದುಕೊಂಡದ್ದು ಐವತ್ತೈದು ಮಕ್ಕಳನ್ನು, ಎಲ್ಲರೂ ಐದರಿಂದ ಒಂಬತ್ತರೊಳಗಿನವರು, ಎಲ್ಲರ ಕಾಲೂ ಕತ್ತರಿಯಂತೆ ಒಂದರ ಮೇಲೊಂದು ಬಿಗಿದಿದ್ದವು. ನೀಲಿ ಮ್ಯಾಟು, ಒಂದು ಗೋಡೆಯ ತುಂಬ ಕನ್ನಡಿ, ಫಿನಾಯಿಲಿನ ವಾಸನೆ, ಮೂಲೆಯಲ್ಲಿ ಸ್ಟ್ಯಾಂಡಿನ ಮೇಲೆ ಕ್ಯಾಮೆರಾ. ಮಂಡಿಯನ್ನು ನೇರ ಮಾಡಿ ಮೂವತ್ತು ಎಣಿಸುವವರೆಗೆ ಹಿಡಿಯಬೇಕು, ಹೀಗೆ ಮೂರು ಸಲ. ತಾಯಂದಿರು ತಲೆಯ ಕಡೆ ಕೂತು ಭುಜ ಒತ್ತಿ ಹಿಡಿಯುವರು. ನಿಯಮಾವಳಿಯನ್ನು ಮೇಡಂ ಒಂದೇ ಗುಕ್ಕಿನಲ್ಲಿ ಬರೆದಿದ್ದರು, ಆಗ ಅವರಿಗೆ ಇಪ್ಪತ್ತೊಂಬತ್ತು, ಭಾಷೆಯ ಮೇಲೆ ಬಲು ಹಿಡಿತ: 'ಸತತ ಮೂರು ಬಾರಿ ಅಳುವ ಅಥವಾ ಪ್ರತಿರೋಧಿಸುವ ಮಗುವನ್ನು ಅಸಹಕಾರದ ಕಾರಣ ಅಧ್ಯಯನದಿಂದ ಕೈಬಿಡತಕ್ಕದ್ದು.' ಹದಿನಾಲ್ಕು ಮಕ್ಕಳನ್ನು ಕೈಬಿಡಲಾಯಿತು. ಉಳಿದ ನಲವತ್ತೊಂದರಲ್ಲಿ ಒಂದು ಮಗುವೂ ಅಳಲಿಲ್ಲ. ಆದಕಾರಣ ಈ ವಿಧಾನದಲ್ಲಿ ನೋವಿಲ್ಲ. ಅಳುವವರನ್ನೆಲ್ಲ ಹೊರಗೆ ಕಳಿಸಿ, ಒಳಗೆ ಯಾರೂ ಅಳುತ್ತಿಲ್ಲ ಎಂದು ಕಂಡುಹಿಡಿಯಲು ಮೂರು ವರ್ಷ ಹಿಡಿಯಿತು. ಡಾಕ್ಟರೇಟು ಬಂತು. ತಜ್ಞರು ಬೆನ್ನು ತಟ್ಟಿದರು. ಮೋಸ ಮಾಡಿದೆ ಎಂದು ಮೇಡಂಗೆ ಆಗಲೂ ಅನಿಸಲಿಲ್ಲ, ಏಕೆಂದರೆ ಮಾಡಿರಲಿಲ್ಲ. ಅಳುವ ಮಗುವಿನ ಕಾಲಿನ ಕೋನ ಅಳೆಯುವುದು ನಿಜಕ್ಕೂ ಕಷ್ಟ, ಅಂಕಿ ಅಲ್ಲಾಡುತ್ತದೆ. ಎಲ್ಲೋ ಒಂದೊಂದು ಸಲ, ಬೂಟಿನೊಳಗಿನ ಕಲ್ಲಿನಂತೆ, ಆ ಹದಿನಾಲ್ಕು ಚುಚ್ಚುತ್ತಿತ್ತು. ಕಾಲು ಕೊಡವಿದರೆ ಸರಿಹೋಗುತ್ತಿತ್ತು.

ಸಭಾಂಗಣದ ಬಾಗಿಲಲ್ಲೇ ಅವರ ಸಹಾಯಕಿ ಎದುರಾದಳು. ಉಸಿರಿಗೊಂದು ಮೇಡಂ ಅನ್ನುವ ಹೆಣ್ಣು. "ಮೇಡಂ, ನಿಮಗೊಂದು ಸರ್ಪ್ರೈಸ್ ಇದೆ ಮೇಡಂ! ಯಾರು ಬಂದಿದಾರೆ ಹೇಳಿ ನೋಡೋಣ. ನಗುಪುಟ್ಟಿ ಮೇಡಂ! ಅವರೇ ಮೆಸೇಜ್ ಮಾಡಿ, ಮೇಡಂನ ನೋಡಲೇಬೇಕು ಅಂದ್ರು, ನಾನು ಸ್ಟೇಜ್ ಮೇಲೇ ಕರೀತೀನಿ ಅಂದೆ. ಚೆನ್ನಾಗಿರುತ್ತೆ ಅಲ್ವಾ ಮೇಡಂ?" ಮೇಡಂ ಬಹಳ ಚೆನ್ನಾಗಿರುತ್ತದೆ ಎಂದರು. ಕಂಬಿ ಕೀಳಲು ಸೊಂಟದ ಅನುಮತಿ ಬೇಕಿತ್ತು.

ವೇದಿಕೆಯ ಹಿಂದಿನ ಕೋಣೆಯಲ್ಲಿ, ಮುರಿದ ಪೋಡಿಯಂ ಮತ್ತು ಸುತ್ತಿಟ್ಟ ಬ್ಯಾನರುಗಳ ನಡುವೆ, ವೀಲ್‌ಚೇರಿನಲ್ಲಿ ಒಬ್ಬ ಹೆಂಗಸು ಕೂತಿದ್ದಳು. ಮಗು ಬೆಳೆದು ಹೆಂಗಸಾಗಿರಬಹುದು ಎಂಬ ಸಾಧ್ಯತೆ ಮೇಡಂಗೆ ಹೊಳೆದೇ ಇರಲಿಲ್ಲ. ಅವರ ವಿಡಿಯೋದಲ್ಲಿ ಅವಳಿಗೆ ಯಾವತ್ತೂ ಆರು ವರ್ಷ. ಕತ್ತರಿಸಿದ ಕೂದಲಿನಲ್ಲಿ ಅಲ್ಲೊಂದು ಇಲ್ಲೊಂದು ಬಿಳಿ ಎಳೆ. ಪಕ್ಕದಲ್ಲಿ ತಾಯಿ, ದೊಡ್ಡ ಚೀಲದ ಪುಟ್ಟ ಹೆಂಗಸು. ಚೀಲದಲ್ಲಿ ಟವೆಲ್ಲು, ಸ್ಟ್ರಾ, ಒಂದು ಜೊತೆ ಬಟ್ಟೆ. ತಾಯಿ ಎದ್ದು ನಿಂತು ಕೈಮುಗಿದಳು. "ನೀವು ಸ್ವಲ್ಪಾನೂ ಬದಲಾಗಿಲ್ಲ ಮೇಡಂ. ಇವಳು ಈಗ ಮನೇಲೇ ಕೂತು ಸಿನಿಮಾಗಳಿಗೆ ಸಬ್‌ಟೈಟಲ್ ಬರೀತಾಳೆ. ಎಲ್ಲ ನಿಮ್ಮ ಆಶೀರ್ವಾದ."

ಸಹಾಯಕಿ ವೀಲ್‌ಚೇರಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಕಿವುಡರಿಗೆ ಹೇಳುವಂತೆ ದನಿಯೇರಿಸಿ, "ಮೇಡಂಗೆ ಏನ್ ಹೇಳ್ತೀಯಾ ಪುಟ್ಟೀ?" ಎಂದಳು.

ಅವಳು ಹೇಳಿದಳು. ಕುತ್ತಿಗೆ ಒಂದು ಕಡೆ ತಿರುಗಿತು, ಗಲ್ಲ ಮುಂದೆ ಬಂತು, ಸ್ವರಗಳು ಮೊದಲು ಹೊರಟು ವ್ಯಂಜನಗಳು ಹಿಂದಿನಿಂದ ಕುಂಟುತ್ತ ಬಂದವು. ಹೊರಗಿನವರ ಕಿವಿಗೆ ಅದು ಬರೀ ಸದ್ದು. ಆದರೆ ಮೂವತ್ತು ವರ್ಷ ಇಂಥ ಮಕ್ಕಳ ನಡುವೆ ಕಳೆದ ಮೇಡಂಗೆ ಅದು ಮಾತು, ರೇಡಿಯೋ ವಾರ್ತೆಯಷ್ಟು ಸ್ಪಷ್ಟ. 'ತುಂಬಾ ನೋಯ್ತಿತ್ತು.'

"ನಿಮ್ಮಿಂದಾನೇ ಇಷ್ಟಾಗಿದ್ದು ಅಂತಿದಾಳೆ," ಎಂದಳು ತಾಯಿ.

ಮೇಡಂ ತಲೆಯಾಡಿಸಿದರು. ಆ ತಲೆಯಾಡಿಕೆ ಯಾರ ಮಾತಿಗೆ ಎಂದು ಅವರೇ ನಿರ್ಧರಿಸಿರಲಿಲ್ಲ. ವೀಲ್‌ಚೇರಿನವಳು ಅವರ ಮುಖವನ್ನು ಬಿಡದೆ ನೋಡಿದಳು. 'ನಿಮಗೆ ಅರ್ಥ ಆಯ್ತು,' ಎಂದಳು.

"ತಿಂಡಿ ಆಯ್ತಾ ಅಂತ ಕೇಳ್ತಿದಾಳೆ," ಎಂದಳು ತಾಯಿ.

"ಅಯ್ಯೋ, ಎಷ್ಟು ಸ್ವೀಟು!" ಎಂದು ಸಹಾಯಕಿ ಎದೆಗೆ ಕೈ ಇಟ್ಟುಕೊಂಡಳು. ತಿಂಡಿಯಾಗಿದೆ ಎಂದರು ಮೇಡಂ.

ಸಹಾಯಕಿಯನ್ನು ಯಾರೋ ವೇದಿಕೆಗೆ ಕೂಗಿದರು. ತಾಯಿ ನೀರಿನ ಬಾಟಲಿ ತುಂಬಿಸಲು ಹೋದಳು. ಕೋಣೆಯಲ್ಲಿ ಇಬ್ಬರೇ. ಮೇಡಂ ಪೋಡಿಯಂ ಹಿಡಿದು ನಿಂತರು, ಭಾಷಣಕ್ಕಲ್ಲ, ಸೊಂಟಕ್ಕೆ. ಅವಳು ಹೊತ್ತು ಕಳೆಯಲಿಲ್ಲ, ಸಿಕ್ಕಿದ ನಾಲ್ಕು ನಿಮಿಷದ ಬೆಲೆ ಅವಳಿಗೆ ಗೊತ್ತಿತ್ತು. "ಅತ್ರೆ ಹೆಸರು ಹೊಡೆದು ಹಾಕ್ತಾರೆ ಅಂತ ಅಮ್ಮಂಗೆ ಗೊತ್ತಿತ್ತು. ಹೆಸರು ಹೋದ್ರೆ ಥೆರಪಿ ಇಲ್ಲ, ಕಾಲಿಗೆ ಕಟ್ಟೋ ಸ್ಪ್ಲಿಂಟ್ ಇಲ್ಲ. ಬಸ್ಸಲ್ಲಿ ಬರ್ತಾ ಪ್ರಾಕ್ಟೀಸ್ ಮಾಡಿಸ್ತಿದ್ಲು. ಅವಳು ತೊಡೆ ಚಿವುಟ್ತಿದ್ಲು, ನಾನು ನಗಬೇಕು. ಜೋರಾಗಿ ಚಿವುಟಿದ್ರೆ ಜೋರಾಗಿ ನಗಬೇಕು." ಉಸಿರು ತೆಗೆದುಕೊಂಡಳು. "ಚೆನ್ನಾಗಿ ಕಲಿತುಬಿಟ್ಟೆ. ಈಗ ಬಿಡೋಕೆ ಆಗ್ತಿಲ್ಲ. ಸೊಂಟ, ಬೆನ್ನು, ದಿನಾ ನೋವು. ಡಾಕ್ಟರ್ ಹತ್ರ ಹೋಗ್ತೀನಿ. ಮಾತು ಅರ್ಥ ಆಗಲ್ಲ ಅಂತ ನಿಮ್ಮ ಪಟ್ಟಿ ತೆಗೀತಾರೆ. ನೋವಾದಾಗ ನನ್ನ ಮುಖ ನಗುತ್ತೆ. ಸೊನ್ನೆ ಹಾಕಿ ಕಳಿಸ್ತಾರೆ."

"ನೀನು ಬರೆದು ತೋರಿಸಬಹುದಲ್ಲಮ್ಮ," ಎಂದರು ಮೇಡಂ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡರು.

"ನಿಮಗೆ ನಾಲ್ಕು ಸಲ ಬರೆದೆ," ಎಂದಳು ಅವಳು.

ಕಾರಿಡಾರಿನಲ್ಲಿ ತಾಯಿಯ ಚಪ್ಪಲಿಯ ಸದ್ದು. ಮಗಳು ಬೇಗಬೇಗ ಹೇಳಿದಳು, ಬೇಗ ಹೇಳಿದಷ್ಟೂ ಮಾತು ಒಡೆಯುತ್ತಿತ್ತು. "ಆ ಪುಸ್ತಕ ಶಾಲೆಗಳಿಗೆ ಹೋಗಬಾರದು. ಅಲ್ಲಿರೋ ಮಕ್ಕಳೂ ಕಲೀತಾರೆ. ನಾನು ಸ್ಟೇಜಲ್ಲಿ ಹೇಳ್ತೀನಿ. ಅಮ್ಮ ಬೇರೆ ಏನೋ ಹೇಳ್ತಾಳೆ. ನೀವು ಸರಿಯಾಗಿ ಹೇಳಿ."

"ನೋಡೋಣ," ಎಂದರು ಮೇಡಂ. ಕಚೇರಿಗಳಲ್ಲಿ ಎಷ್ಟೋ ಜನರ ಕಡತಗಳನ್ನು ಮಲಗಿಸಿದ ಶಬ್ದ ಅದು. ಅವರೂ ಅದೇ ಕೆಲಸಕ್ಕೆ ಬಳಸುತ್ತ ಬಂದಿದ್ದರು.

ವೇದಿಕೆಯ ಮೇಲೆ ಹೂಗುಚ್ಛಗಳು, ನೀರಿನ ಬಾಟಲಿಗಳು, ರಿಬ್ಬನ್ನು ಸುತ್ತಿದ ಕೈಪಿಡಿಗಳ ಅಟ್ಟಿ. ಅಧ್ಯಕ್ಷರು ಯಾವ ಸಭೆಗೂ ಒಪ್ಪುವ ಮನುಷ್ಯ. ಸೇತುವೆಯಾದರೂ ಸೈ, ಮಕ್ಕಳ ಕಾಲಾದರೂ ಸೈ, ಅದೇ ಭಾಷಣ. ದೀಪ ಆರಿತು, ವಿಡಿಯೋ ಶುರುವಾಯಿತು. ನೀಲಿ ಮ್ಯಾಟಿನ ಮೇಲೆ ಆರು ವರ್ಷದ ಮಗು, ಕಾಲಿನ ಹತ್ತಿರ ತೆಳ್ಳಗಿನ, ಕಪ್ಪು ಕೂದಲಿನ, ಸೊಂಟ ನೆಟ್ಟಗಿದ್ದ ಮೇಡಂ. ಹತ್ತು, ಹನ್ನೊಂದು ಎಂದು ಎಣಿಸುತ್ತಿದ್ದಂತೆ ಮಗು ಕಿಲಕಿಲ ನಕ್ಕಿತು. "ಶಭಾಶ್, ಜಾಣೆ!" ಎಂದಿತು ಪರದೆಯ ಮೇಲಿನ ದನಿ. ಸಭೆಯೂ ಮುದ್ದಿನಿಂದ ನಕ್ಕಿತು. ಪ್ರತಿ ಊರಿನಲ್ಲೂ, ಪ್ರತಿ ಸಮ್ಮೇಳನದಲ್ಲೂ ಸಭೆ ಸರಿಯಾಗಿ ಇಲ್ಲೇ ನಗುತ್ತಿತ್ತು, ಮೇಡಂ ಅದಕ್ಕೆಂದೇ ಎರಡು ಕ್ಷಣ ಮಾತು ನಿಲ್ಲಿಸುವುದು ರೂಢಿ. ಇವತ್ತು ಅವರು ಮಗುವಿನ ಮುಖ ಬಿಟ್ಟು ಕೈ ನೋಡಿದರು. ಮುಷ್ಟಿ ಮ್ಯಾಟಿನ ಅಂಚನ್ನು ಹಿಡಿದಿತ್ತು, ಗೆಣ್ಣುಗಳು ಬೆಳ್ಳಗಾಗಿದ್ದವು. ಪಟ್ಟಿಯಲ್ಲಿ ಕೈಗೆ ಸಾಲಿರಲಿಲ್ಲ. ಈ ಮಕ್ಕಳ ಮುಷ್ಟಿ ಯಾವಾಗಲೂ ಬಿಗಿದೇ ಇರುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿದರೆ ಎಲ್ಲರಿಗೂ ಅಂಕ ಬಂದುಬಿಡುತ್ತದೆ ಎಂದು ತೆಗೆದುಹಾಕಿದ್ದರು. ಎಲ್ಲರಿಗೂ ನೋಯುತ್ತಿರಬಹುದು ಎಂಬುದು ಆಗ ತರ್ಕಕ್ಕೆ ನಿಲುಕದ ಮಾತು. ಮೇಡಂಗೆ ನಾಚಿಕೆಯಾಯಿತು. ಇಷ್ಟು ವರ್ಷದಲ್ಲಿ ಒಮ್ಮೆಯೂ ಆ ಕೈಯನ್ನು ನೋಡಿರಲಿಲ್ಲವಲ್ಲ ಎಂದು ನಿಜವಾಗಿಯೂ, ಕಿವಿ ಬಿಸಿಯಾಗುವಷ್ಟು ನಾಚಿಕೆಯಾಯಿತು.

ದೀಪ ಹತ್ತಿತು. ವೀಲ್‌ಚೇರನ್ನು ಮುಂದೆ ತಳ್ಳಿದರು. "ನಮ್ಮ ನಗುಪುಟ್ಟಿ ಎರಡು ನಿಮಿಷ ಮಾತಾಡ್ತಾಳೆ," ಎಂದಳು ಸಹಾಯಕಿ. ಅವಳು ಎರಡು ನಿಮಿಷವನ್ನೂ ಪೂರ್ತಿ ಬಳಸಿದಳು. ಕೋಣೆಯಲ್ಲಿ ಹೇಳಿದ್ದನ್ನೇ ಹೇಳಿದಳು, ಚಿಕ್ಕದಾಗಿ, ಸಬ್‌ಟೈಟಲ್ ಬರೆಯುವವಳ ಮಿತವ್ಯಯದಲ್ಲಿ: ನೋಯುತ್ತಿತ್ತು, ಹೆಸರು ಹೋಗಬಾರದೆಂದು ನಕ್ಕೆ, ಈ ಪುಸ್ತಕ ಬೇಡ. ಮುನ್ನೂರು ಜನ ಮುಖದಲ್ಲಿ ಕರುಣೆ ತುಂಬಿಕೊಂಡು ಒಂದಕ್ಷರ ತಿಳಿಯದೆ ಕೇಳಿದರು. ತಾಯಿ ಮೈಕು ತೆಗೆದುಕೊಂಡಳು. "ಮೇಡಂನ ಯಾವತ್ತೂ ಮರೆಯಲ್ಲ ಅಂತ ಹೇಳ್ತಿದಾಳೆ," ಎಂದಳು. ಸುಳ್ಳೇನೂ ಅಲ್ಲ. ಚಪ್ಪಾಳೆ ಬಿತ್ತು.

ಆಮೇಲೆ ಮೇಡಂ ಸರದಿ. ಮೈಕಿನ ತನಕದ ಆರು ಹೆಜ್ಜೆಯಲ್ಲಿ ಅವರು ಎರಡು ಸಲ ಮನಸ್ಸು ಬದಲಾಯಿಸಿದರು. ಧನ್ಯವಾದ ಹೇಳಿ ಕೂತರೆ ನಾನೂರು ಶಾಲೆ, ಜೀವಮಾನದ ಕೆಲಸ. ಇನ್ನೆರಡು ವರ್ಷಕ್ಕೆ ನಿವೃತ್ತಿ, ಕಾಲೇಜಿನಲ್ಲಿ ಒಂದು ಭಾವಚಿತ್ರ. ವೀಲ್‌ಚೇರಿನವಳು ನೋಡುತ್ತಿದ್ದಳು, ಯಾವ ನಿರೀಕ್ಷೆಯೂ ಇಲ್ಲದ ನೋಟ, ಅದೇ ತಡೆಯಲಾಗದ್ದು. "ಅವಳು ಹೇಳಿದ್ದು ಅದಲ್ಲ," ಎಂದುಬಿಟ್ಟರು. ಮೇಡಂ ದನಿ ಹತೋಟಿಗೆ ತಂದುಕೊಂಡರು. "ಅವತ್ತು ಅವಳಿಗೆ ನೋಯ್ತಿತ್ತು. ಆ ನಗು ನಿಜವಾದ ನಗು ಅಲ್ಲ. ಬಸ್ಸಿನಲ್ಲಿ ಚಿವುಟಿ ಚಿವುಟಿ ಅಭ್ಯಾಸ ಮಾಡಿಸಿದ್ರು. ಪಾಪ, ತಾಯಿಗೆ ತಿಳಿವಳಿಕೆ ಇರಲಿಲ್ಲ. ನಮ್ಮ ದತ್ತಾಂಶಕ್ಕೆ ಅದರಿಂದ ತೊಂದರೆಯಾಗಿದೆ."

ಆ 'ಪಾಪ' ಎಂಥ ಚೆಂದದ ಶಬ್ದ. ಅದನ್ನು ಅಂದವರು ಕೈತೊಳೆದುಕೊಂಡು ಎದ್ದುಬಿಡಬಹುದು. ಮುನ್ನೂರು ತಲೆಗಳು ಒಟ್ಟಿಗೆ ತಾಯಿಯ ಕಡೆ ತಿರುಗಿದವು. ಮುಂದಿನ ಸಾಲಿನಲ್ಲಿ ಯಾರೋ "ಹೆತ್ತವಳೇ!" ಎಂದು ಮೂಗಿನ ಮೇಲೆ ಬೆರಳಿಟ್ಟರು. ತಾಯಿ ಟವೆಲ್ಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಬಸ್ಸಿನಲ್ಲಿ ಸೀಟು ಸಿಗದವಳಂತೆ, ಎಲ್ಲಿ ನಿಲ್ಲಬೇಕೆಂದು ತಿಳಿಯದೆ ನಿಂತಳು. ಮೇಡಂಗೆ ಎಷ್ಟು ಹಗುರವಾಯಿತೆಂದರೆ ಸೊಂಟದ ನೋವು ಕೂಡ ಸರಕ್ಕನೆ ಇಳಿಯಿತು. ಸತ್ಯ ಹೇಳಿದ್ದಕ್ಕೋ, ಸತ್ಯವನ್ನು ಇನ್ನೊಬ್ಬರ ತಲೆಗೆ ಕಟ್ಟಿದ್ದಕ್ಕೋ, ಅದು ಮುಂದಿನ ಸಂಶೋಧನೆಯ ವಿಷಯ.

ಆಗ ವೀಲ್‌ಚೇರಿನವಳು ಕೂಗಿದಳು. ಎರಡೇ ಮಾತು. ಕೂಗಿದ ರಭಸಕ್ಕೆ ಅವಳ ಕಾಲು ಫುಟ್‌ರೆಸ್ಟಿನಿಂದ ಜಾರಿ ಅಲ್ಲಾಡತೊಡಗಿತು.

"ಏನಂತೆ?" ಎಂದು ಅಧ್ಯಕ್ಷರು ತಾಯಿಯನ್ನು ಕೇಳಿದರು. ಮೂವತ್ತು ವರ್ಷ ಮಗಳ ಪರವಾಗಿ ಲೋಕಕ್ಕೆ ಸಿಹಿ ಮಾತು ಹಂಚಿದ ಹೆಂಗಸು ಈಗ ಟವೆಲ್ಲನ್ನು ಬಾಯಿಗೆ ಒತ್ತಿಕೊಂಡಿದ್ದಳು. ಇಡೀ ಸಭಾಂಗಣದಲ್ಲಿ ಅದು ಅರ್ಥವಾದದ್ದು ಇನ್ನೊಬ್ಬರಿಗೆ ಮಾತ್ರ. ಏನು ಬೇಕಾದರೂ ಹೇಳಬಹುದಿತ್ತು. ನೀರು ಕೇಳುತ್ತಿದ್ದಾಳೆ ಅನ್ನಬಹುದಿತ್ತು, ಎಲ್ಲರೂ ನೀರು ತರಲು ಓಡುತ್ತಿದ್ದರು. ಮೇಡಂ ತಾಯಿಯನ್ನು ನೋಡಿದರು. ಮಗುವಿನ ಹೆಸರು ಉಳಿಸಲು ಬೇರೆ ಯಾವ ದಾರಿಯನ್ನೂ ಬಿಡದ ನಿಯಮವೊಂದನ್ನು ಯಾರೋ ಒಂದೇ ಗುಕ್ಕಿನಲ್ಲಿ ಬರೆದಿದ್ದರು, ಮತ್ತು ಈ ಹೆಂಗಸು ಅದನ್ನು ಅಕ್ಷರಶಃ ಪಾಲಿಸಿದ್ದಳು.

"'ಅಮ್ಮ ಅಲ್ಲ, ಇವರು' ಅಂದಳು," ಎಂದರು ಮೇಡಂ. ದನಿ ಹತೋಟಿಯಲ್ಲಿ ಇರಲಿಲ್ಲ. "ಇವರು ಅಂದ್ರೆ ನಾನು. ಅತ್ತ ಮಕ್ಕಳನ್ನ ಹೊರಗೆ ಹಾಕಿದ್ದು ನಾನು. ಹದಿನಾಲ್ಕು ಮಕ್ಕಳು. ಉಳಿದವರು ಅಳಲಿಲ್ಲ ಅಂತ ಬರೆದುಕೊಂಡೆ. ಈ ಪಟ್ಟಿ ತಪ್ಪು. ಈ ಪುಸ್ತಕ ಸೋಮವಾರ ಯಾವ ಶಾಲೆಗೂ ಹೋಗಬಾರದು."

ಆಮೇಲೆ ಅಧ್ಯಕ್ಷರು ಎದ್ದು ಬಂದರು, ಮೇಡಂ ಹೆಗಲ ಮೇಲೆ ಮೃದುವಾಗಿ ಕೈಯಿಟ್ಟರು, ಅದಕ್ಕಿಂತ ಮೃದುವಾಗಿ ಮೈಕು ಬಿಡಿಸಿಕೊಂಡರು. "ಮೇಡಂ ಬಹಳ ಭಾವುಕರಾಗಿದ್ದಾರೆ," ಎಂದರು. "ಇಷ್ಟು ದೊಡ್ಡ ಸಾಧನೆ ಮಾಡಿಯೂ ಇನ್ನೂ ತಿದ್ದಬೇಕು, ಇನ್ನೂ ಕಲಿಯಬೇಕು ಅಂತ ಹೇಳ್ತಿದಾರೆ. ಇಂಥ ವಿನಯ ಎಲ್ಲಿ ಸಿಗುತ್ತೆ ಹೇಳಿ!" ಸಭೆ ಬಿಟ್ಟ ಉಸಿರು ಕೇಳಿಸಿತು. ಚಪ್ಪಾಳೆ ಶುರುವಾಗಿ, ಏರಿ, ಹಿಂದಿನ ಸಾಲಿನವರು ಎದ್ದು ನಿಂತರು. ಸಹಾಯಕಿ ಕಣ್ಣೊರೆಸಿಕೊಳ್ಳುತ್ತ ಕತ್ತರಿ ತಂದಳು. ಅಧ್ಯಕ್ಷರು ರಿಬ್ಬನ್ನು ಕತ್ತರಿಸಿ ಪುಸ್ತಕವನ್ನು ಕ್ಯಾಮೆರಾಗಳಿಗೆ ಎತ್ತಿ ಹಿಡಿದರು.

"ನಾನು ಹೇಳಿದ್ದು ಅದಲ್ಲ," ಎಂದರು ಮೇಡಂ. ಮೈಕು ಇರಲಿಲ್ಲ. ಅಧ್ಯಕ್ಷರು ನಗುತ್ತ ತಲೆಯಾಡಿಸಿದರು. "ನಾನು ಹೇಳಿದ್ದು ಅದಲ್ಲ ರೀ," ಎಂದು ಸಹಾಯಕಿಯ ತೋಳು ಹಿಡಿದರು. "ಹೌದು ಮೇಡಂ, ಹೌದು ಮೇಡಂ," ಎಂದು ಅವಳು ನೀರಿನ ಬಾಟಲಿ ಕೈಗಿಟ್ಟಳು. ಬಾಯಿಂದ ಹೊರಟ ಮಾತು ಎದುರಿನವರ ಮುಖ ತಲುಪುವಷ್ಟರಲ್ಲಿ ಇನ್ನೇನೋ ಆಗಿಬಿಡುತ್ತಿತ್ತು, ಎಲ್ಲರೂ ಅವರನ್ನು ಪ್ರೀತಿಯಿಂದ ನೋಡುತ್ತಿದ್ದರು.

ಯಾರೋ ಸೆರಗು ಜಗ್ಗಿದಂತಾಯಿತು. ವೀಲ್‌ಚೇರಿನವಳ ಬಿಗಿದ ಕೈ. ಚಪ್ಪಾಳೆಯ ನಡುವೆ ಅವಳು ಗಲ್ಲ ಮುಂದೆ ಮಾಡಿ, ನಿಧಾನವಾಗಿ, ಒಂದೊಂದೇ ಅಕ್ಷರ ಹೊರಡಿಸಿ ಹೇಳಿದಳು.

"ಇನ್ನೊಂದ್ಸಲ ಹೇಳಿ."

ಮೇಡಂ ಬಾಟಲಿ ಕೆಳಗಿಟ್ಟು ಇನ್ನೊಂದು ಸಲ ಹೇಳಿದರು.